ಎರಡನೇ ಒಂಬತ್ತು

ನನ್ನ ಓರಗಿತ್ತಿಗೆ ನಾನು ಮೊದಲು ಕೊಡಲು ಹೋದದ್ದು ‘ಹ’ ಎಂಬ ಅಕ್ಷರ. ಅವಳು ತೆಗೆದುಕೊಳ್ಳಲಿಲ್ಲ.

ನನ್ನ ಮೈದುನನನ್ನು ಮದುವೆಯಾಗಿ ಪೆನ್ನಾಗರಂ ಆಚೆಯ ಕಾಡಂಚಿನ ಹಳ್ಳಿಯಿಂದ ಸೇಲಂನ ನಮ್ಮ ಮನೆಗೆ ಬಂದವಳು ಅವಳು. ಬಂದ ಹೊಸದರಲ್ಲಿ ಒಂದು ದಿನ, “ಅಕ್ಕ, ಅಂಗಡಿಗೆ ಓಗ್ಬರ್ತೀನಿ” ಅಂದಳು. “ಓಗೋದಲ್ಲ, ಹೋಗೋದು” ಅಂದೆ. “ಅದೇ ಅಕ್ಕ, ಓಗೋದು” ಅಂದು ಚೀಲ ಹಿಡಿದು ಹೊರಟೇಬಿಟ್ಟಳು. ನಮ್ಮ ಬೀದಿಯ ನೇಕಾರರ ಮನೆಗಳಲ್ಲಿ ಆಡುವುದು ಕನ್ನಡವಾದರೂ ಓದುವುದು, ಬರೆಯುವುದು ಎಲ್ಲ ತಮಿಳು. ನನ್ನ ತವರು ಹೊಸೂರು ಕಡೆ. ನಾನು ಕನ್ನಡ ಶಾಲೆಯಲ್ಲಿ ಓದಿದವಳು. ಬೆಂಗಳೂರಿನ ನೆಂಟರಿಂದ ಕನ್ನಡದ ಲಗ್ನಪತ್ರಿಕೆ ಬಂದರೆ ಇಡೀ ಬೀದಿ ಅದನ್ನು ಓದಿಸಿಕೊಳ್ಳಲು ನನ್ನ ಹತ್ತಿರ ಬರುತ್ತಿತ್ತು. ಉಸಿರು ತುಂಬಿ ‘ಹ’ ಅನ್ನುವವಳು ಆ ಬೀದಿಗೆಲ್ಲ ನಾನೊಬ್ಬಳೇ. ಇದು ಜಂಬವಲ್ಲವೇ ಎಂದು ಕೇಳಿದರೆ, ಹೌದು, ಜಂಬವೇ.

ಇನ್ನೊಂದು ಜಂಬ ನನ್ನ ಕೈಯದು. ಮಾವನವರ ಕಾಲದಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಕೈಮಗ್ಗಗಳಿದ್ದವು. ಮದುವೆಯಾಗಿ ಬಂದ ಮೇಲೆ ಸೀರೆಯ ಅಂಚಿಗೆ ಬೇಕಾದ ನಮೂನೆಗಳನ್ನು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ಬರೆದುಕೊಡಲು ಕಲಿತೆ. ಮಗ್ಗಗಳು ನಿಂತುಹೋದವು. ಅದೇ ಕೋಣೆಯಲ್ಲಿ ನನ್ನ ಗಂಡ ಮತ್ತು ಮೈದುನ ಮೀಟರ್ ರಿಪೇರಿ ಅಂಗಡಿ ಇಟ್ಟರು. ಲಾರಿಗಳ ಸ್ಪೀಡೋಮೀಟರು, ಸಬ್ಬಕ್ಕಿ ಮಿಲ್ಲುಗಳ ಬಾಯ್ಲರಿನ ಪ್ರೆಷರ್ ಮೀಟರು, ಒಂದಲ್ಲ ಒಂದು ಸದಾ ಬಿಚ್ಚಿಕೊಂಡು ಬಿದ್ದಿರುತ್ತಿತ್ತು. ಹಬೆಗೆ, ಬಿಸಿಲಿಗೆ ಅಂಕಿಗಳು ಅಳಿಸಿಹೋಗುತ್ತವಲ್ಲ, ಅವನ್ನು ಮತ್ತೆ ಬರೆಯುವುದು ನನ್ನ ಕೆಲಸ. ಪೆನ್ಸಿಲಿನಲ್ಲಿ ಚೌಕ ಎಳೆದು, ಅಂಚು ಬರೆದು, ಒಳಗೆ ಬಣ್ಣ ತುಂಬುತ್ತಿದ್ದೆ. ಗಿರಾಕಿಗಳು ನನ್ನ ಗಂಡನನ್ನು, “ಅಂಕಿ ಅಮ್ಮನೇ ಬರೀತಾರಲ್ಲ?” ಎಂದು ಕೇಳಿಯೇ ಮೀಟರ್ ಬಿಟ್ಟು ಹೋಗುತ್ತಿದ್ದರು. ಈ ಮನೆಯಲ್ಲಿ ಕೈ ಅಂದರೆ ನನ್ನ ಕೈ ಎಂದು ನಾನು ನಂಬಿದ್ದೆ.

ಹೀಗಿರುವಾಗ ಆ ವಿಮಾನದ ಹಲಗೆ ಬಂತು.

ಓಮಲೂರು ದಾಟಿ ಧರ್ಮಪುರಿಗೆ ಹೋಗುವ ದಾರಿಯಲ್ಲಿ ಒಂದು ಇಂಜಿನಿಯರಿಂಗ್ ಕಾಲೇಜಿದೆ. ಅದರ ಯಜಮಾನರನ್ನು ಎಲ್ಲರೂ ಚೇರ್ಮನ್ ಅನ್ನುತ್ತಾರೆ. ಅವರಿಗೆ ಹಳೇ ಯಂತ್ರಗಳ ಹುಚ್ಚು. ಹಿಂದಿನ ದೊಡ್ಡ ಯುದ್ಧದಲ್ಲಿ ಬಾಂಬು ಹಾಕಲು ಹಾರಿದ ಒಂದು ವಿಮಾನದ ಮೂತಿಯನ್ನು ಬೆಂಗಳೂರಿನ ಗುಜರಿಯಿಂದ ಕೊಂಡು ತಂದಿದ್ದರು. ರೆಕ್ಕೆ ಇಲ್ಲ, ಬಾಲ ಇಲ್ಲ, ಇಂಜಿನ್ ಇಲ್ಲ, ಮೂತಿ ಮಾತ್ರ. ಕಾಲೇಜಿನಲ್ಲಿ ಅದಕ್ಕೊಂದು ಹಾಲ್ ಕಟ್ಟಿಸಿ, ಚಾಲಕ ಕೂರುವ ಜಾಗವನ್ನು ಮೊದಲಿದ್ದಂತೆಯೇ ಮಾಡಿ ಮಕ್ಕಳಿಗೆ ತೋರಿಸಬೇಕೆಂಬುದು ಅವರ ಆಸೆ. ಚಾಲಕನ ಮುಂದೆ ಮೀಟರುಗಳನ್ನು ಸಾಲಾಗಿ ಕೂರಿಸುವ ಲೋಹದ ಹಲಗೆಯನ್ನು ಹಳೇ ಹತ್ತಿಯ ಹಾಸಿಗೆಯಲ್ಲಿ ಸುತ್ತಿ, ಪುಟ್ಟ ಲಾರಿಯಲ್ಲಿ ನಮ್ಮ ಬಾಗಿಲಿಗೆ ಕಳಿಸಿದರು. ಬಿಚ್ಚಿ ನೋಡಿದರೆ ಕಪ್ಪು ಬಣ್ಣ ಎದ್ದುಹೋದ ದೊಡ್ಡ ತಗಡು, ಅದರ ತುಂಬ ದುಂಡು ತೂತುಗಳು, ಜೊತೆಗೆ ಒಂದು ಗೋಣಿಚೀಲದಲ್ಲಿ ಹಳೇ ಮೀಟರುಗಳು. ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

“ಇದೇನ್ಲಾ, ಇಡ್ಲಿ ತಟ್ಟೆ ಇದ್ದಂಗೈತೆ” ಅಂದರು ಮಗನಿಗೆ.

“ವಿಮಾನದ್ದು ಅಮ್ಮಾ. ಇದನ್ನ ನೋಡ್ಕೊಂಡೇ ಓಡಿಸೋದು.”

“ಅಂಗಾರೆ ಎಲ್ಲಾ ಜೋಡಿಸಿದ್ಮೇಲೆ ಆರ್ತೈತಾ?”

“ಇಲ್ಲಮ್ಮಾ” ಅಂದ ಮಗ. ಅತ್ತೆಗೆ ಕಿವಿ ಸ್ವಲ್ಪ ಮಂದ, ಆಸೆ ಮಾತ್ರ ಚುರುಕು. ಅವತ್ತಿನಿಂದ ದಿನಕ್ಕೊಮ್ಮೆಯಾದರೂ, ಎದುರಿಗೆ ಸಿಕ್ಕವರಿಗೆ ಆ ಪ್ರಶ್ನೆ ಕೇಳತೊಡಗಿದರು.

ಮೀಟರುಗಳ ಮುಖ, ಅಂದರೆ ಅಂಕಿ ಬರೆದ ಬಿಲ್ಲೆ, ತೆಗೆಯುವ ಮುಂಚೆ ಕಾಲೇಜಿನ ಭೌತಶಾಸ್ತ್ರದ ಮೇಷ್ಟರೊಬ್ಬರು ವಿಕಿರಣ ಅಳೆಯುವ ಒಂದು ಪೆಟ್ಟಿಗೆ ಹಿಡಿದು ಬಂದರು. ಮೀಟರಿನ ಹತ್ತಿರ ಅದನ್ನು ಹಿಡಿದರೆ, ಬಾಣಲೆಗೆ ಬಿದ್ದ ಸಾಸಿವೆಯ ಹಾಗೆ ಚಟಪಟ ಸಿಡಿಯಿತು. ಕತ್ತಲಲ್ಲಿ ಹೊಳೆಯಲೆಂದು ಆ ಕಾಲದಲ್ಲಿ ಅಂಕಿಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರಂತೆ. ಬಣ್ಣದ ಹೊಳಪು ಸತ್ತರೂ ವಿಷ ಸತ್ತಿಲ್ಲ, ಬಿಚ್ಚಬೇಡಿ, ಕೆರೆಯಬೇಡಿ ಅಂದರು. ಹೊರದೇಶದಲ್ಲಿ ಇಂಥ ಮೀಟರುಗಳಿಗೆ ಅಂಕಿ ಬರೆಯುತ್ತಿದ್ದ ಹುಡುಗಿಯರು ಬ್ರಷ್ಷಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಮಾಡಿಕೊಂಡೇ ಕಾಯಿಲೆ ಬಿದ್ದರು ಎಂದೂ ಹೇಳಿದರು. ನನಗೂ ಅದೇ ಅಭ್ಯಾಸ. ಸೆರಗಿನಿಂದ ತುಟಿ ಒರೆಸಿಕೊಂಡೆ. ಕೊನೆಗೆ ಹಲಗೆಯದೂ ಹಳೇ ಮುಖಗಳದೂ ಫೋಟೋ ತೆಗೆದುಕೊಂಡು, ಮೀಟರುಗಳನ್ನು ಬಿಚ್ಚದೆ ಹಾಗೆಯೇ ಭದ್ರವಾಗಿ ಕಟ್ಟಿ ಮೇಷ್ಟರು ತೆಗೆದುಕೊಂಡು ಹೋದರು. ಪರೀಕ್ಷೆ ಮಾಡಿ ಪರವಾಗಿಲ್ಲ ಎಂದ ಹಲಗೆ, ಮೊದಲೇ ಖಾಲಿಯಿದ್ದ ಕವಚಗಳು, ಸಣ್ಣಪುಟ್ಟ ತಗಡುಗಳು ನಮ್ಮಲ್ಲಿ ಉಳಿದವು. ಅಂದರೆ ಒಳಗಿನ ಮುಖಗಳನ್ನೆಲ್ಲ ಹೊಸ ಅಲ್ಯೂಮಿನಿಯಂ ಬಿಲ್ಲೆಗಳ ಮೇಲೆ, ಸಾದಾ ಬಣ್ಣದಲ್ಲಿ, ಫೋಟೋ ನೋಡಿ ಕೈಯಲ್ಲೇ ಬರೆಯಬೇಕು. ಅದು ನನ್ನ ಕೆಲಸ. ಹತ್ತಾರು ವರ್ಷ ಸಬ್ಬಕ್ಕಿ ಮಿಲ್ಲಿನ ಅಂಕಿ ಬರೆದವಳಿಗೆ ಕೊನೆಗೂ ವಿಮಾನ ಸಿಕ್ಕಿತು ಎಂದು ಎಷ್ಟು ಹಿಗ್ಗಿದೆ!

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ತವರಿನಲ್ಲಿ ತಮ್ಮನ ಮಗಳ ಮದುವೆ. ಹೊಸೂರಿಗೆ ಹೋದೆ. ನಾನಿಲ್ಲದಾಗ ಚೇರ್ಮನ್ ಬಂದು, ನಮೂನೆಗೆ ಒಂದು ಮುಖ ಬರೆದಿದ್ದರೆ ತೋರಿಸಿ ಅಂದರಂತೆ. ನನ್ನ ಗಂಡ ತಲೆ ಕೆರೆದುಕೊಂಡನಂತೆ. ಆಗ ಕಾಫಿ ತಂದಿಟ್ಟ ನನ್ನ ಓರಗಿತ್ತಿ, “ನಾನು ಒಂದು ನೋಡ್ಲಾ ಬಾವ?” ಅಂದು, ಅಲ್ಲೇ ಕೂತು, ಎತ್ತರ ತೋರಿಸುವ ಮೀಟರಿನ ಮುಖವನ್ನು ಬರೆದುಬಿಟ್ಟಳಂತೆ. ಸೊನ್ನೆಯಿಂದ ಒಂಬತ್ತರವರೆಗೆ ಅಷ್ಟೂ ಅಂಕಿ. ಚೌಕ ಇಲ್ಲ, ಪೆನ್ಸಿಲ್ ಇಲ್ಲ.

ಊರಿಂದ ಬಂದ ನನಗೆ ಗಂಡ ಅದನ್ನು ತೋರಿಸಿದ. ತೋರಿಸದೆ ಇದ್ದಿದ್ದರೆ ಚೆನ್ನಾಗಿತ್ತು. ಅಂಕಿಗಳು ಬಿಲ್ಲೆಯ ಮೇಲೆ ಇದ್ದ ಹಾಗೆ ಇರಲಿಲ್ಲ, ಈಗ ತಾನೇ ಬಂದು ಕೂತ ಹಾಗಿದ್ದವು. ಅದರಲ್ಲೂ ಆರು. ಮೇಲಿನಿಂದ ಇಳಿದು, ಹೊಟ್ಟೆ ಸುತ್ತಿ, ತನ್ನ ಬಾಲವನ್ನು ತಾನೇ ಮುಟ್ಟಿ ನಿಂತಿತ್ತು. ಎಲ್ಲೂ ಬ್ರಷ್ ಎತ್ತಿದ ಗುರುತಿಲ್ಲ. ಕೆಲಸ ಗೊತ್ತಿಲ್ಲದವರಿಗೆ ಹೊಟ್ಟೆಕಿಚ್ಚು ಅರ್ಧ ಮಾತ್ರ ಬರುತ್ತದೆ. ನನಗೆ ಕೆಲಸ ಗೊತ್ತಿತ್ತು, ಹಾಗಾಗಿ ಪೂರ್ತಿ ಬಂತು.

“ಎಲ್ಲಿ ಕಲಿತೆ?” ಎಂದು ಕೇಳಿದೆ.

“ಆಡಿನ ಮೇಲೆ ಅಕ್ಕ” ಅಂದಳು. ನನ್ನನ್ನು ಗೇಲಿ ಮಾಡುತ್ತಿದ್ದಾಳೆ ಅಂದುಕೊಂಡೆ. ನಿಜವೇ ಅಂತೆ. ಅವರ ಊರಿನಲ್ಲಿ ನಾಲ್ಕಾರು ಮನೆಯ ಆಡುಗಳು ಒಟ್ಟಿಗೆ ಕಾಡಿಗೆ ಮೇಯಲು ಹೋಗುತ್ತವೆ. ಸಂಜೆ ಬೇರೆ ಮಾಡಲು ಸುಲಭವಾಗಲೆಂದು ಪಕ್ಕೆಯ ಮೇಲೆ ಬಣ್ಣದಲ್ಲಿ ನಂಬರ್ ಬರೆಯುತ್ತಾರೆ. ಅವಳ ಅಪ್ಪನ ಮನೆಯಲ್ಲಿ ಬರೆಯುತ್ತಿದ್ದವಳು ಇವಳು. “ಆಡು ನಿಲ್ಲಾಕಿಲ್ಲ ಅಕ್ಕ. ಅದು ಮಕ ತಿರುಗ್ಸೋದ್ರೊಳಗೆ ಒಂದೇ ಎಳೆತಕ್ಕೆ ಬರ್ದ್ಬುಡ್ಬೇಕು. ಇದಕ್ಕೇನು, ತಗಡು, ಅಲ್ಲಾಡಾಕಿಲ್ಲ.”

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಆಡಿನ ಮೇಲೆ ಬರೆಯುವವಳು ಮುಟ್ಟದ ಕೆಲಸವೂ ಇಲ್ಲ ಅಂತ ನನಗೆ ಅವತ್ತು ಗೊತ್ತಾಯಿತು.

ಚೇರ್ಮನ್ ಮತ್ತೆ ಬಂದಾಗ ನಾನು ಬರೆದ ಮುಖವನ್ನೂ ಅವಳದರ ಪಕ್ಕದಲ್ಲಿಟ್ಟೆ. ಅಳತೆಗೋಲು ಇಟ್ಟು ನೋಡಿದರೂ ನನ್ನದರಲ್ಲಿ ಕೂದಲೆಳೆಯಷ್ಟು ತಪ್ಪಿಲ್ಲ. ಅವರು ಎರಡನ್ನೂ ನೋಡಿ, ನನ್ನದನ್ನು ಮೆಲ್ಲಗೆ ಕೆಳಗಿಟ್ಟು, ಅವಳದನ್ನು ಬೆಳಕಿಗೆ ಹಿಡಿದರು. “ಇದು ಯಾರ್ ಕೈಮ್ಮಾ? ರೊಂಬ ನಲ್ಲಾ ಇರುಕ್ಕು” ಅಂದರು, ತುಂಬ ಚೆನ್ನಾಗಿದೆ ಅಂತ. ದೊಡ್ಡ ಮುಖಗಳನ್ನೆಲ್ಲ ಅವಳೇ ಬರೆಯಲಿ ಎಂದು ಅಲ್ಲೇ ತೀರ್ಮಾನವಾಯಿತು. ಎತ್ತರ ಅವಳದು, ವೇಗ ಅವಳದು, ದಿಕ್ಕು ಅವಳದು. ನನ್ನ ಗಂಡ ನನ್ನ ಮುಖ ನೋಡದೆ, “ಸಣ್ಣ ಸಣ್ಣದು ನೀನು ಬರಿ. ಅದಕ್ಕೂ ಕೈ ಬೇಕಲ್ಲ” ಅಂದ. ಇಂಥ ಸಮಾಧಾನ ಹೇಳುವ ಬದಲು ಎರಡು ಬೈದಿದ್ದರೆ ಒಳ್ಳೆಯದಿತ್ತು.

ಬಣ್ಣ ಮಾತ್ರ ನನ್ನದು. ಬಿಳಿ ಬಣ್ಣ ನೇರವಾಗಿ ಬಳಿದರೆ ಹೊಸ ಬಸ್ಸಿನ ಬೋರ್ಡಿನಂತೆ ಕಾಣುತ್ತದೆ. ಬಿಳಿಗೆ ಹಳದಿ ಒಂದು ಹನಿ, ಕಂದು ಅರ್ಧ ಹನಿ ಸೇರಿಸಿ, ಬೆಳಿಗ್ಗೆ ಕಾಯಿಸಿಟ್ಟ ಹಾಲಿನ ಕೆನೆಯ ಬಣ್ಣ ಬರುವವರೆಗೆ ಕಲಸಿಕೊಟ್ಟವಳು ನಾನು. ಆ ಬಣ್ಣದಿಂದಲೇ ಅವಳ ಅಂಕಿಗಳಿಗೆ ವಯಸ್ಸು ಬಂದದ್ದು. ಚೇರ್ಮನ್ ಅದನ್ನೂ ಹೊಗಳಿದರು, ಅವಳನ್ನು ನೋಡಿಕೊಂಡು. “ಬಣ್ಣ ಅಕ್ಕಂದು ಸಾರ್” ಅಂದಳು ಅವಳು. ಆದರೆ ಆಗ ಅವರ ಫೋನು ಬಡಿದುಕೊಳ್ಳುತ್ತಿತ್ತು. ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಬಹುದಿತ್ತು ಎಂದು ನನ್ನ ಅಭಿಪ್ರಾಯ. ಸಂತೆಗೆ ಕೇಳುವ ಹಾಗೆ ನಗುವ ಗಂಟಲು ಅವಳದು.

ಆಮೇಲೆ ಬ್ರಷ್ಷಿನ ಜಗಳವಾಯಿತು. ಅಳಿಲಿನ ಕೂದಲಿನ ಒಂದು ಬ್ರಷ್ ನನ್ನ ಹತ್ತಿರ ಬಹಳ ಕಾಲದಿಂದ ಇತ್ತು. ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಒಂದು ದಿನ ನೋಡಿದರೆ ಅದರ ತುದಿ ಮೊಂಡಾಗಿದೆ. ಅವಳು ನನ್ನನ್ನು ಕೇಳದೆ ತೆಗೆದುಕೊಂಡದ್ದಲ್ಲದೆ, ತನ್ನ ಎಳೆತಕ್ಕೆ ಹೊಂದುವಂತೆ ತುದಿಯನ್ನು ಕತ್ತರಿಸಿದ್ದಳು. ನಾನು ಬಾಯಿಗೆ ಬಂದ ಹಾಗೆ ಅಂದೆ. ಈ ಬ್ರಷ್ಷಿನಲ್ಲಿ ಇನ್ನು ನಾನು ಬರೆಯುವುದು ಹೇಗೆ ಎಂದು ಕೂಗಾಡಿದೆ. ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ, ಬೇರೆ ಯಾವ ಮಾತೂ ಕೇಳಿಸದ ಅತ್ತೆ, ಇದೊಂದನ್ನು ಕೇಳಿಸಿಕೊಂಡು, “ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ” ಅಂದರು. ಓರಗಿತ್ತಿ ಫಕ್ಕನೆ ನಕ್ಕಳು. ಅವತ್ತಿನಿಂದ ನಾನು ಅವಳ ಜೊತೆ ಮಾತು ಬಿಟ್ಟೆ.

ನಮ್ಮ ಮನೆಯಲ್ಲಿ ಮಾತು ಬಿಡುವುದಕ್ಕೂ ಒಂದು ಪದ್ಧತಿ ಇದೆ. ಮಾತು ಬಿಟ್ಟರೂ ಮನೆಗೆಲಸ ನಡೆಯಬೇಕಲ್ಲ? ಹಾಗಾಗಿ ಎಲ್ಲ ಮಾತೂ ಅತ್ತೆಯ ಮೂಲಕ ಹೋಗುತ್ತದೆ. ಒಬ್ಬರ ಪಕ್ಕ ಒಬ್ಬರು ಕೂತಿದ್ದರೂ ಸರಿ. “ಅತ್ತೆ, ಸಾರಿಗೆ ಉಪ್ಪು ಹಾಕಿದ್ದಾಳಂತಾ?” ಎಂದು ನಾನು ಕೇಳಬೇಕು. “ಆಕೈತೆ ಅತ್ತೆ” ಎಂದು ಅವಳು ಹೇಳಬೇಕು. ನಡುವೆ ಅತ್ತೆಗೆ ಕೇಳಿಸಿತೋ ಇಲ್ಲವೋ, ಅದು ಲೆಕ್ಕಕ್ಕಿಲ್ಲ. ಕೆಲವು ಸಲ ಅತ್ತೆ ತೂಕಡಿಸುತ್ತಿದ್ದರೂ ನಾವು ಅವರ ತಲೆಯ ಮೇಲಿಂದ ಇಡೀ ಅಡುಗೆ ಮುಗಿಸಿದ್ದುಂಟು. ಅತ್ತೆಯೂ ಅವರ ಓರಗಿತ್ತಿಯೂ ಹಿಂದೆ ಹೀಗೆಯೇ ಮಾಡುತ್ತಿದ್ದರಂತೆ.

ಹಲಗೆಯ ಕೆಲಸ ಮುಗಿಯುತ್ತ ಬಂತು. ನನ್ನ ಪಾಲಿಗೆ ಬಂದ ಸಣ್ಣ ಕೆಲಸಗಳಲ್ಲಿ ಕೊನೆಯದು ಪೆಟ್ರೋಲ್ ಟ್ಯಾಂಕುಗಳ ನಂಬರು. ವಿಮಾನದ ರೆಕ್ಕೆಯೊಳಗೆ ಒಂದೊಂದು ಟ್ಯಾಂಕಿಗೂ ಒಂದೊಂದು ನಂಬರ್ ಇರುತ್ತದಂತೆ. ಹಲಗೆಯ ಕೆಳಗಡೆ ಅಂಗಿಯ ಗುಂಡಿಯಷ್ಟಗಲದ ದುಂಡು ಬಿಲ್ಲೆಗಳ ಮೇಲೆ ಆ ನಂಬರುಗಳು. ಒಂದಾದ ಮೇಲೆ ಎರಡು ಎಂಬ ಕ್ರಮವೂ ಇಲ್ಲ, ಹಿಂದುಮುಂದಾಗಿ ಚದುರಿದ್ದವು. ಅವುಗಳಲ್ಲಿ ಒಂದು ಬಿಲ್ಲೆ ಮೊದಲೇ ಕಿತ್ತುಬಂದಿತ್ತು. ಅದರ ಮೇಲೆ ಒಂದು ಹೊಟ್ಟೆ, ಒಂದು ಬಾಲ ಉಳಿದಿತ್ತು. ಹೀಗೆ ಹಿಡಿದರೆ ಆರು, ಹಾಗೆ ಹಿಡಿದರೆ ಒಂಬತ್ತು. ಫೋಟೋದಲ್ಲಿ ಆ ಜಾಗ ಖಾಲಿ. ಬಿಲ್ಲೆಗಳನ್ನು ತೊಳೆದು ತಟ್ಟೆಯಲ್ಲಿ ಇಟ್ಟವಳು ಓರಗಿತ್ತಿ. ತನ್ನ ಪಾಲಿನ ಕೆಲಸ ಮುಗಿದಿದ್ದರಿಂದ ಅವುಗಳಲ್ಲಿ ಕೆಲವನ್ನು ಆಗಲೇ ಬರೆದು ತನ್ನ ಮೇಜಿನ ಮೇಲೆ ಒಣಗಲು ಇಟ್ಟುಕೊಂಡೂ ಇದ್ದಳು. ಯಾವುದು ಯಾವುದೆಂದು ಅವಳಿಗೆ ಗೊತ್ತಿತ್ತು. ಎದ್ದುಹೋಗಿ ಅವಳ ಮೇಜನ್ನು ನಾನೇ ನೋಡಬಹುದಿತ್ತು. ಅವಳ ಅಂಕಿಗಳನ್ನು ಇನ್ನೊಂದು ಸಲ ನೋಡುವ ತಾಕತ್ತು ನನಗಿರಲಿಲ್ಲ.

ಮೈದುನ ಅಂಗಳದಲ್ಲಿ ಹಲಗೆಗೆ ಕಪ್ಪು ಬಣ್ಣ ಸಿಂಪಡಿಸುತ್ತಿದ್ದ. ಕಂಪ್ರೆಸರ್ ಡಬಡಬ ಬಡಿದುಕೊಳ್ಳುತ್ತಿತ್ತು. ನಾನು ಕಿಟಕಿಯ ಹತ್ತಿರ, ಅವಳು ಬಾಗಿಲ ಹತ್ತಿರ, ಅತ್ತೆ ನಡುವೆ. ನಾನು ಬಿಲ್ಲೆ ಎತ್ತಿ ಹಿಡಿದು, ಪದ್ಧತಿಯಂತೆ ಅತ್ತೆಯ ಕಡೆಗೆ, “ಅತ್ತೆ, ಇದು ಆರಾ ಅಂತ ಕೇಳಿ” ಅಂದೆ.

ಅತ್ತೆ ಅವಳ ಕಡೆ ತಿರುಗಿದರು. ಕಂಪ್ರೆಸರಿನ ಸದ್ದಿನಲ್ಲಿ ನನಗೆ ಅರ್ಧಂಬರ್ಧ ಕೇಳಿಸಿತು. “ಏನಮ್ಮಿ, ಇದು ಆರ್... ಐತಾ?”

“ಆರಲ್ಲ ಅತ್ತೆ, ಆರಲ್ಲ” ಎಂದಳು ಅವಳು, ತಲೆ ಎತ್ತದೆ. “ಎಷ್ಟು ಸಲ ಏಳ್ಲಿ?”

ಆರಲ್ಲ. ಸರಿ, ಆರಲ್ಲದಿದ್ದರೆ ಒಂಬತ್ತು. ನಾನು ಚೌಕ ಎಳೆದೆ, ಅಂಚು ಬರೆದೆ, ಬಣ್ಣ ತುಂಬಿದೆ. ‘ಎಷ್ಟು ಸಲ ಏಳ್ಲಿ’ ಎಂಬ ಅವಳ ಧಿಮಾಕಿಗೆ ಹಲ್ಲು ಕಚ್ಚಿಕೊಂಡೇ ಬರೆದೆ. ಆದರೂ ಹೇಳುತ್ತೇನೆ, ನನ್ನ ಜೀವನದಲ್ಲಿ ಬರೆದ ಒಂಬತ್ತುಗಳಲ್ಲೆಲ್ಲ ಅದೇ ಚಂದದ್ದು. ಮೊಂಡು ಬ್ರಷ್ಷಿನ ಕಾರಣವೋ, ಸಿಟ್ಟಿನ ಕಾರಣವೋ, ಬಾಲವನ್ನು ಮಾತ್ರ ನನಗೇ ತಿಳಿಯದೆ ಒಂದೇ ಎಳೆತಕ್ಕೆ ಎಳೆದಿದ್ದೆ. ಸ್ವಲ್ಪ ಅವಳ ಅಂಕಿಯ ಹಾಗೆಯೇ ಕಂಡಿತು. ಅದನ್ನು ನೋಡಿ ಒಂದು ಗಳಿಗೆ ಸಂತೋಷ, ಮರುಗಳಿಗೆ ಸಂಕಟ. ಒಣಗಿದ ಮೇಲೆ ನನ್ನ ಗಂಡ ಎಲ್ಲ ಬಿಲ್ಲೆಗಳನ್ನೂ ಹಲಗೆಗೆ ಕೂರಿಸಿದ. ಅವನು ತಿರುಪು ನೋಡುವವನೇ ಹೊರತು ನಂಬರ್ ನೋಡುವವನಲ್ಲ.

ಕಾಲೇಜಿನಲ್ಲಿ ಹಾಲ್ ತೆರೆಯುವ ದಿನ ನಮ್ಮನ್ನೆಲ್ಲ ಕರೆದರು. ಮಂಡಿನೋವೆಂದು ಅತ್ತೆ ಮನೆಯಲ್ಲೇ ಉಳಿದರು. ನಾನು ನನ್ನ ಮದುವೆಯ ರೇಷ್ಮೆ ಸೀರೆ ಉಟ್ಟು ಹೋದೆ. ಅವಳು ದಿನಾ ಉಡುವಂಥ ಹತ್ತಿ ಸೀರೆ ಉಟ್ಟು, ಕನಕಾಂಬರ ಮುಡಿದು ಬಂದಳು. ಎಲ್ಲರ ಕಣ್ಣೂ ಅವಳ ಮೇಲೆ. ಚೇರ್ಮನ್ ಬಂದ ದೊಡ್ಡವರಿಗೆಲ್ಲ, “ಇವರೇ, ಇವರೇ” ಎಂದು ಅವಳನ್ನು ತೋರಿಸಿದರು. ಆಡಿನ ಕತೆ ಅವರಿಗೆ ಯಾರು ಹೇಳಿದರೋ, ಅದನ್ನೂ ಹೇಳಿದರು. ಆಮೇಲೆ ಅವಳನ್ನು ಚಾಲಕನ ಸೀಟಿನಲ್ಲಿ ಕೂರಿಸಿದರು. ಒಳಗೆ ದೀಪ ಹತ್ತಿತು. ಹಲಗೆಯ ತುಂಬ ಕೆನೆ ಬಣ್ಣದ ಅಂಕಿಗಳು ಬೆಳಗಿದವು. ಬಾಂಬು ಹಾಕಲು ಹೋದವರು ನೋಡಿಕೊಂಡು ಕೂತಿದ್ದದ್ದು ಇಂಥ ಮುಖಗಳನ್ನೇ ಎಂದು ನನಗೂ ಮೈ ಜುಮ್ಮೆಂದಿತು. ಸೀಟಿನಲ್ಲಿ ಕೂತವಳನ್ನು ನೋಡಿ ಜುಮ್ಮು ಇಳಿಯಿತು. ಆ ಸೀಟಿಗಾಗಿ ನಾನು ಏನು ಬೇಕಾದರೂ ಕೊಡುತ್ತಿದ್ದೆ.

ಚೇರ್ಮನ್ ಬೆರಳಿಟ್ಟು ಟ್ಯಾಂಕ್ ನಂಬರುಗಳನ್ನು ತೋರಿಸುತ್ತ ಬಂದವರು ತಟ್ಟನೆ ನಿಂತರು. “ಇಲ್ಲೊಂದು ನೈನ್. ಇಲ್ಲೂ ನೈನ್. ಸಿಕ್ಸ್ ಎಲ್ಲಿ?” ಅಂದರು.

ನನ್ನ ಗಂಡ ನನ್ನನ್ನು ನೋಡಿದ. ಸೀಟಿನ ಹತ್ತಿರ ಬಗ್ಗಿ, ಎಷ್ಟೋ ದಿನದ ಮೇಲೆ ಅವಳೊಂದಿಗೆ ನೇರವಾಗಿ ಮಾತಾಡಿದೆ.

“ನೀನೇ ತಾನೇ ಆರಲ್ಲ ಅಂದದ್ದು? ಎಲ್ಲರ ಮುಂದೆ ನನ್ನ ಮಾನ ತೆಗಿಬೇಕು ಅಂತಲೇ ಅಂದೆಯಾ?”

“ನಾನೆಲ್ಲಿ ಅಂದೆ ಅಕ್ಕ?”

“ಅವತ್ತು, ಕಂಪ್ರೆಸರ್ ಓಡ್ತಿದ್ದಾಗ. ಅತ್ತೆ ಕೇಳಿದ್ದಕ್ಕೆ ಆರಲ್ಲ, ಆರಲ್ಲ ಅಂತ ಎರಡು ಸಲ ಅಂದೆ.”

ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. ಆಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದಳು. “ಅಯ್ಯೋ ಅಕ್ಕ! ಅದು ವಿಮಾನಕ್ಕೆ ಅಂದದ್ದು! ಇದು ಆರ್ತೈತಾ ಅಂತ ಅತ್ತೆ ದಿನಾ ಕೇಳ್ತಿರ್ಲಿಲ್ವಾ? ವಿಮಾನ ಆರಲ್ಲ ಅಂತ ಅಂದೆ!”

ಹಾರಲ್ಲ ಎಂಬುದು ಅವಳ ಬಾಯಲ್ಲಿ ಆರಲ್ಲ ಆಗಿತ್ತು. ಆರು ಅಲ್ಲ ಎಂದು ನನ್ನ ಕಿವಿ ಬರೆದುಕೊಂಡಿತ್ತು. ‘ಎಷ್ಟು ಸಲ ಏಳ್ಲಿ’ ಅಂದದ್ದಕ್ಕೆ ಏಳು ಎಂದು ಬರೆಯಲಿಲ್ಲವಲ್ಲ, ಅದೇ ಪುಣ್ಯ. ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಚೇರ್ಮನ್ ಕಡೆ ತಿರುಗಿ, “ಸಾರ್, ಇದು ನನ್ ಬಾಯಿಂದ ಆದದ್ದು” ಎಂದು ಶುರುಮಾಡಿ, ತಮಿಳಿನಲ್ಲಿ ಬಿಡಿಸಿ ಹೇಳಿದಳು. ತಮಿಳಿನಲ್ಲೂ ಆರು ಅಂದರೆ ಆರೇ. ಹಾರಲ್ಲ ಅನ್ನಲು ಅವರು ‘ಪರಕ್ಕಾದು’ ಅನ್ನುತ್ತಾರೆ. ಅದನ್ನು ಅವಳು ರೆಕ್ಕೆ ಬಡಿಯುವಂತೆ ಕೈಯಾಡಿಸಿ ತೋರಿಸಿದಳು. ಚೇರ್ಮನ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಸುತ್ತ ಇದ್ದವರೆಲ್ಲ ನಕ್ಕರು.

“ಈಗಲೇ ತಿದ್ದಿಕೊಡ್ತೀನಿ ಸಾರ್” ಎಂದೆ ನಾನು. ಯಾರೂ ಕೇಳಿಸಿಕೊಳ್ಳಲಿಲ್ಲ. ಮತ್ತೊಮ್ಮೆ ಅಂದೆ. “ಬೇಡಮ್ಮಾ, ಇರಲಿ. ಅದೇ ಚಂದ. ಹೇಗೂ ಪರಕ್ಕಾದು!” ಎಂದು ಅವರು ಮತ್ತೆ ನಕ್ಕರು.

ಬಸ್ಸಿನಲ್ಲಿ ಮನೆಗೆ ಬರುವಾಗ ಮೊದಲು ನಿರಾಳವೆನಿಸಿತು. ನನ್ನ ಮಾನ ಉಳಿಯಿತು, ಅವಳು ಉಳಿಸಿದಳು. ಓಮಲೂರು ಬರುವಷ್ಟರಲ್ಲಿ ನಿರಾಳ ಹೋಗಿ ಇನ್ನೊಂದು ಶುರುವಾಯಿತು. ‘ನನ್ ಬಾಯಿಂದ ಆದದ್ದು’ ಎಂದು ಅವಳು ಅಂದಳು. ಅದು ಸುಳ್ಳಲ್ಲ. ಆದರೆ ಅವರೆಲ್ಲ ಕೇಳಿಸಿಕೊಂಡದ್ದು ಅವಳ ಕೈಯಿಂದ ಆದದ್ದು ಎಂದು. ಆ ಹಲಗೆಯ ಮೇಲೆ ನನ್ನ ಹತ್ತಾರು ಅಂಕಿಗಳಿವೆ, ಎಲ್ಲ ಸರಿಯಾಗಿವೆ, ಯಾರೂ ನೋಡುವುದಿಲ್ಲ. ಎಲ್ಲರೂ ನಿಂತು ನೋಡುವ ಒಂದೇ ಒಂದನ್ನು ಬರೆದೆ, ಅದೂ ಅವಳ ಲೆಕ್ಕಕ್ಕೆ ಹೋಯಿತು. ಕಿಟಕಿಗೆ ತಲೆ ಆನಿಸಿ ಅವಳು ನಿದ್ದೆ ಹೋಗಿದ್ದಳು. ನಿದ್ದೆಯಲ್ಲೂ ಅವಳ ಬಾಯಿ ನಗುತ್ತಿತ್ತು.

ಮಳೆಗಾಲ ಕಳೆದು ಅತ್ತೆಯ ಮಂಡಿ ಸ್ವಲ್ಪ ಸರಿಹೋದ ಮೇಲೆ, ವಿಮಾನ ನೋಡಲೇಬೇಕೆಂದು ಅವರು ಹಟ ಹಿಡಿದರು. ನಾನೂ ಅವಳೂ ಎರಡು ಕಡೆ ಕೈ ಹಿಡಿದು ಕರೆದುಕೊಂಡು ಹೋದೆವು. ನಾವು ಆಗ ಮಾತು ಬಿಟ್ಟಿರಲಿಲ್ಲ, ಹೆಚ್ಚು ಆಡುತ್ತಲೂ ಇರಲಿಲ್ಲ. ಹಾಲಿನಲ್ಲಿ ಬೇರೆ ಜನರೂ ಇದ್ದರು, ಒಂದು ಸ್ಕೂಲಿನ ಮಕ್ಕಳು, ಅವರ ಟೀಚರು. ಕಾಲೇಜಿನ ಒಬ್ಬ ಹುಡುಗಿ ಕೋಲು ಹಿಡಿದು ಎಲ್ಲ ತೋರಿಸುತ್ತಿದ್ದಳು. ನಮ್ಮ ಗುರುತು ಅವಳಿಗಿಲ್ಲ. ಎತ್ತರ, ವೇಗ, ದಿಕ್ಕು ಎಲ್ಲ ಬೇಗ ಬೇಗ ಮುಗಿಸಿ, ಕೋಲನ್ನು ನೇರ ನನ್ನ ಒಂಬತ್ತಿನ ಮೇಲೆ ಇಟ್ಟಳು. ಪೆನ್ನಾಗರಂ ಕಡೆಯ ಒಬ್ಬ ಆಡು ಕಾಯುವ ಹೆಂಗಸು ಇದನ್ನೆಲ್ಲ ಬರೆದದ್ದು, ಪಾಪ, ಆಕೆಗೆ ಆರಕ್ಕೂ ಒಂಬತ್ತಕ್ಕೂ ವ್ಯತ್ಯಾಸ ತಿಳಿಯದೆ ಇಲ್ಲಿ ಎರಡು ಒಂಬತ್ತು ಆಗಿವೆ ಎಂದು ತಮಿಳಿನಲ್ಲಿ ಹೇಳಿದಳು. ಮಕ್ಕಳು ನಕ್ಕು ಫೋಟೋ ತೆಗೆದುಕೊಳ್ಳಲು ಮುಗಿಬಿದ್ದರು.

ಓರಗಿತ್ತಿಯೂ ನಕ್ಕಳು. ನನಗೆ ನಗು ಬರಲಿಲ್ಲ. ಅವಳಿಗೆ ವ್ಯತ್ಯಾಸ ತಿಳಿಯದೇ? ಅವಳ ಆರನ್ನು ಈ ಹುಡುಗಿ ಒಂದು ಸಲ ನೆಟ್ಟಗೆ ನೋಡಿದ್ದಾಳೆಯೇ? ಅಂಥ ಆರು ಬರೆಯಲಾಗದೆ ನಾನು ಎಷ್ಟು ಹಾಳೆ ಹರಿದು ಒಲೆಗೆ ಹಾಕಿದ್ದೇನೆ ಎಂದು ಇವಳಿಗೇನು ಗೊತ್ತು? ನನ್ನ ಒಂಬತ್ತು ಅವಳದಾಯಿತೆಂದೂ ಸಿಟ್ಟು, ಅವಳನ್ನು ಹೀಗಂದರೆಂದೂ ಸಿಟ್ಟು. ಯಾವುದು ಮುಂದೆ ನುಗ್ಗಿತೋ ತಿಳಿಯದು.

“ಅದು ನಾನ್ ಎಳುದಿನದು” ಎಂದೆ ಗಟ್ಟಿಯಾಗಿ. ನಾನು ಬರೆದದ್ದು ಎಂದು ಅವರ ಭಾಷೆಯಲ್ಲೇ ಹೇಳಿದೆ. “ತಪ್ಪು ನನ್ನದು. ಬರೆದವಳು ನಾನು. ಇವಳದು ಒಂದೂ ತಪ್ಪಿಲ್ಲ.”

ಎಲ್ಲರೂ ತಿರುಗಿ ನೋಡಿದರು. ಕೋಲಿನ ಹುಡುಗಿ ಗಲಿಬಿಲಿಯಾಗಿ, “ಇವರು ಯಾರು?” ಎಂದು ಓರಗಿತ್ತಿಯನ್ನೇ ಕೇಳಿದಳು.

“ನಮ್ಮಕ್ಕ” ಅಂದಳು ಅವಳು.

ಸ್ಕೂಲಿನ ಟೀಚರಮ್ಮನ ಕಣ್ಣು ತುಂಬಿಬಂತು. ಮಕ್ಕಳ ಕಡೆ ತಿರುಗಿ, ನೋಡಿ ಮಕ್ಕಳೇ, ತಂಗಿಯ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದಾರೆ, ಅಕ್ಕ ಅಂದರೆ ಹೀಗಿರಬೇಕು ಎಂದು ಪಾಠ ಹೇಳಿದರು. ನಾನು ಅಲ್ಲ, ಅಲ್ಲ ಎಂದಷ್ಟೂ ಅವರಿಗೆ ನನ್ನ ಮೇಲೆ ಅಭಿಮಾನ ಹೆಚ್ಚಿತು. ಒಂದು ಮಗು ಬಂದು ನನ್ನ ಕೈ ಕುಲುಕಿತು. ನನ್ನ ಹೊಟ್ಟೆಕಿಚ್ಚಿಗೆ ಇಂಥ ಗೌರವ ಹಿಂದೆಂದೂ ಸಿಕ್ಕಿರಲಿಲ್ಲ.

ಇದ್ಯಾವುದೂ ಅತ್ತೆಗೆ ಕೇಳಿಸಿರಲಿಲ್ಲ. ಅವರು ಹಲಗೆಗೆ ಮುಖ ಹಚ್ಚಿ, ಹೊಳೆಯುವ ಅಂಕಿಗಳನ್ನು ಒಂದೊಂದಾಗಿ ನೋಡುತ್ತಿದ್ದರು. ನೋಡಿ ಮುಗಿದ ಮೇಲೆ ತಿರುಗಿದರು.

“ಇಷ್ಟೆಲ್ಲಾ ಮಾಡಿದ್ರಲ್ಲಮ್ಮಿ. ಈಗ್ಲಾದ್ರೂ ಆರ್ತೈತಾ?”

ಉತ್ತರ ಕೊಡಲು ನಾನು ಉಸಿರು ತುಂಬಿಕೊಳ್ಳುವಷ್ಟರಲ್ಲಿ ಓರಗಿತ್ತಿ ಮುಂದೆ ಬಂದಳು. ಅತ್ತೆಯ ಕಿವಿಯ ಹತ್ತಿರ ಬಗ್ಗಿ, ನನ್ನ ಮುಖವನ್ನೇ ನೋಡುತ್ತ, ನಿಧಾನವಾಗಿ ಹೇಳಿದಳು.

“ಹಾರಲ್ಲ ಅತ್ತೆ.”

ನಮ್ಮ ಹೊಸೂರಿನ ಮೇಷ್ಟರು ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರು. ಅಂಥ ತುಂಬಿದ ‘ಹ’. ನಾನು ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಅಂದಿಲ್ಲ. ಇಷ್ಟು ವರ್ಷ ಅವಳಿಗೆ ಅದು ಬರುತ್ತಲೇ ಇತ್ತು, ಬೇಕೆನಿಸಿರಲಿಲ್ಲ, ಅಷ್ಟೇ. ಕೈ ಅವಳದಾಯಿತು, ಒಂಬತ್ತು ಅವಳದಾಯಿತು. ಆ ಮನೆಯಲ್ಲಿ ನನ್ನದು ಎಂದು ಉಳಿದಿದ್ದದ್ದು ಅದೊಂದೇ ಅಕ್ಷರ.

ಅತ್ತೆಗೆ ಸರಿಯಾಗಿ ಕೇಳಿಸಲಿಲ್ಲ. ನನ್ನ ಕಡೆ ತಿರುಗಿ, “ಏನಂದ್ಳೇ ಅವ್ಳು?” ಎಂದು ಕೇಳಿದರು.

“ಆರಲ್ಲ ಅತ್ತೆ, ಆರಲ್ಲ” ಅಂದೆ. ನನ್ನ ಬಾಯಿಂದ ಹೊರಟದ್ದು ಅಷ್ಟೇ.